ಮೂವರು ತಾರೆಗಳೂ ಉಳಿದ ಎಂಟು ಮಂದಿಯೂ

1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಜನಿಸಿ, ಬೆಂಗಳೂರಿನ ಮೈದಾನಗಳಲ್ಲಿ ಹೆಸರು ಗಳಿಸಿ, 91 ಟೆಸ್ಟ್ ಪಂದ್ಯಗಳಲ್ಲಿ 6080 ರನ್ನುಗಳನ್ನು ಕೂಡಿಸಿದ ಗುಂಡಪ್ಪ ವಿಶ್ವನಾಥರ ಮಾತು ಬಂದರೆ, ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಾಗಲಿ ಭದ್ರಾವತಿಯ ನ್ಯೂಟೌನಿನಲ್ಲಾಗಲಿ, ಅವರ ಸ್ಕ್ವೇರ್ ಕಟ್ಟನ್ನು ಕೊಂಡಾಡದೆ ಯಾರೂ ಮುಂದೆ ಹೋಗುವುದಿಲ್ಲ. ಕೊಂಡಾಡತಕ್ಕದ್ದೇ ಸರಿ. ಆದರೆ ಆ ಹೊಡೆತದ ಸೊಬಗಿನಲ್ಲಿ ಮೈಮರೆತವರು ಕೇಳದೆ ಬಿಡುವ ಪ್ರಶ್ನೆಯೊಂದುಂಟು: ವಿಶ್ವನಾಥ, ಪ್ರಸನ್ನ, ಚಂದ್ರಶೇಖರ ಎಂಬ ಮೂವರು ಅತಿರಥರು ಒಂದೇ ಕಾಲದಲ್ಲಿ ಒಂದೇ ರಾಜ್ಯದ ತಂಡದಲ್ಲಿದ್ದಾಗ, ಉಳಿದ ಎಂಟು ಸ್ಥಾನಗಳಿಗೆ ಎಂಥವರು ಬೇಕಾದರು? ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಈ ಕಾಲದಲ್ಲಿ ಆ ಪ್ರಶ್ನೆಗೆ ಮೊದಲಿಗಿಂತ ಹೆಚ್ಚಿನ ತೂಕ ಬಂದಿದೆ.

ಈ ಸಮಸ್ಯೆಯನ್ನು ಅದರ ತೀಕ್ಷ್ಣರೂಪದಲ್ಲಿ ಕಾಣಬೇಕೆನ್ನುವವರು ಬ್ಯಾಸ್ಕೆಟ್‌ಬಾಲನ್ನು ನೋಡಬೇಕು. ಅಂಕಣದಲ್ಲಿ ಐವರು, ಚೆಂಡು ಒಂದೇ, ಅಮೆರಿಕದ ಎನ್‌ಬಿಎ ಪಂದ್ಯಗಳಲ್ಲಿ ಬುಟ್ಟಿಯತ್ತ ಚೆಂಡೆಸೆಯಲು ಒಂದು ಸರದಿಗೆ ದೊರೆಯುವ ಕಾಲ 24 ಸೆಕೆಂಡು. ಹೀಗಿರಲಾಗಿ ಒಬ್ಬನ ಪ್ರತಾಪವು ಮತ್ತೊಬ್ಬನ ನಿರುದ್ಯೋಗವಾಗಿ ಪರಿಣಮಿಸುವುದು ಅನಿವಾರ್ಯ. 2004ರಲ್ಲಿ ಓನೀಲ್, ಬ್ರಯಾಂಟ್, ಮಲೋನ್, ಪೇಟನ್ ಎಂಬ ನಾಲ್ವರು ಘಟಾನುಘಟಿಗಳನ್ನು ಕೂಡಿಸಿಕೊಂಡಿದ್ದ ಲಾಸ್ ಏಂಜಲೀಸ್ ಲೇಕರ್ಸ್, ಅಷ್ಟು ದೊಡ್ಡ ಹೆಸರುಗಳಿಲ್ಲದ ಡೆಟ್ರಾಯಿಟ್ ಪಿಸ್ಟನ್ಸಿಗೆ ಅಂತಿಮ ಸರಣಿಯಲ್ಲಿ 1–4ರಿಂದ ಶರಣಾಯಿತು. (ಮಲೋನರ ಮೊಣಕಾಲು ಕೈಕೊಟ್ಟಿತ್ತೆಂಬುದು ನಿಜ, ಆದರೆ ಮೊಣಕಾಲೊಂದೇ ನಾಲ್ಕು ಪಂದ್ಯಗಳನ್ನು ಸೋಲಿಸಲಾರದು.) 2010ರಲ್ಲಿ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಷ್ ಮಯಾಮಿ ಹೀಟ್ ತಂಡದಲ್ಲಿ ಒಂದಾದರು. ತಂಡದ ಒಟ್ಟು ಸಂಬಳಕ್ಕೆ ಅಲ್ಲಿ ಮಿತಿಯುಂಟಾದ್ದರಿಂದ, ತಮಗೆ ಸಲ್ಲಬಹುದಾಗಿದ್ದ ಗರಿಷ್ಠ ವೇತನದಲ್ಲಿ ಮೂವರೂ ಸ್ವಲ್ಪ ಬಿಟ್ಟುಕೊಟ್ಟು, ಇತರರನ್ನು ಉಳಿಸಿಕೊಳ್ಳಲು ಎಡೆ ಮಾಡಿದರು. ಆದರೂ ಮೊದಲ ವರ್ಷ ಡಲ್ಲಾಸಿಗೆ ಸೋತರು.

2013ರ ಜೂನ್ 18ರ ರಾತ್ರಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಪ್ರಶಸ್ತಿ ಇನ್ನೊಂದು ಗೆಲುವಿನಷ್ಟು ದೂರದಲ್ಲಿತ್ತು. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಮಯಾಮಿ ಮೂರು ಅಂಕ ಹಿಂದಿತ್ತು. ಜೇಮ್ಸ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬೀಳದೆ ಪುಟಿಯಿತು. ಬಾಷ್ ಅದನ್ನು ಹಿಡಿದು, ತಾನೇ ಎಸೆಯುವ ಗೋಜಿಗೆ ಹೋಗದೆ, ಬಲಮೂಲೆಗೆ ಹಿಂದಕ್ಕೆ ಸರಿಯುತ್ತಿದ್ದ ರೇ ಅಲೆನ್‌ಗೆ ದಾಟಿಸಿದರು, ಗಡಿಯಾರದಲ್ಲಿ 5.2 ಸೆಕೆಂಡು ಉಳಿದಿರುವಾಗ ಅಂಕಗಳು ಸಮವಾದವು, ಹೆಚ್ಚುವರಿ ಅವಧಿಯಲ್ಲಿ ಮಯಾಮಿ ಗೆದ್ದಿತು. ಅದರ ಮುಂದಿನ, ಪ್ರಶಸ್ತಿ ನಿರ್ಣಯದ ಪಂದ್ಯದಲ್ಲಿ ಬಾಷ್ ಗಳಿಸಿದ ಅಂಕ ಸೊನ್ನೆ. ಮೀಸಲು ಆಟಗಾರನಾಗಿ ಅಂಕಣಕ್ಕಿಳಿದ ಶೇನ್ ಬ್ಯಾಟಿಯರ್ ಆರು ಬಾರಿ ಮೂರಂಕದ ಗುರಿ ಸಾಧಿಸಿದರು. ತಾರೆಯಾದವನು ಸೊನ್ನೆ ಅಂಕದೊಡನೆ ಪ್ರಶಸ್ತಿ ಗೆದ್ದು ಸಂತೋಷಪಡಬಲ್ಲನಾದರೆ, ತಂಡ ಕಟ್ಟಿದವರ ಅರ್ಧ ಕೆಲಸ ಆದಂತೆಯೇ.

ಕ್ರಿಕೆಟ್ಟು ಇಷ್ಟು ನಿರ್ದಯವಾದ ಆಟವಲ್ಲ. ಇಲ್ಲಿ ಬ್ಯಾಟುಗಾರರು ಸರದಿಯ ಮೇಲೆ ಬರುತ್ತಾರೆ. ಆದರೆ ಚೆಂಡು ಇಲ್ಲಿಯೂ ಒಂದೇ, ತುದಿಗಳು ಎರಡೇ. ಕರ್ನಾಟಕದ ಪುಣ್ಯವೆಂದರೆ ಆ ಎರಡು ತುದಿಗಳ ಇಬ್ಬರಿಗೂ ಹಸಿವು ಬೇರೆಬೇರೆಯಾಗಿತ್ತು. ಪ್ರಸನ್ನರು ಚೆಂಡನ್ನು ಗಾಳಿಯಲ್ಲಿ ತೇಲಿಸಿ, ಬ್ಯಾಟುಗಾರನನ್ನು ಮುಂದಕ್ಕೆ ಕರೆದು, ಅವನ ಲೆಕ್ಕಾಚಾರವನ್ನೇ ಅವನಿಗೆ ಮುಳುವಾಗಿಸುವ ಆಫ್‌ಸ್ಪಿನ್ನರು. ಪೋಲಿಯೊ ತಗುಲಿದ ಬಲಗೈಯಿಂದಲೇ ವೇಗವಾಗಿ ಗೂಗ್ಲಿ ಎಸೆಯುತ್ತಿದ್ದ ಚಂದ್ರಶೇಖರರು ಲೆಕ್ಕಾಚಾರಕ್ಕೆ ಅವಕಾಶವನ್ನೇ ಕೊಡದವರು. ಒಬ್ಬರ ಬಲೆಯಿಂದ ತಪ್ಪಿಸಿಕೊಂಡವನು ಇನ್ನೊಬ್ಬರ ಬಲೆಯಲ್ಲಿ ಬೀಳುತ್ತಿದ್ದನು. ಅದರ ಮೇಲೆ ಪ್ರಸನ್ನರೇ ನಾಯಕರು: ಚೆಂಡನ್ನು ತಾವಿಟ್ಟುಕೊಳ್ಳಬೇಕೋ ಇನ್ನೊಬ್ಬರ ಕೈಗೆ ಕೊಡಬೇಕೋ ಎಂಬುದನ್ನು ತಾವೇ ತೀರ್ಮಾನಿಸಬೇಕು.

ಇನ್ನು ಕೊರತೆಗಳ ವಿಚಾರ. ಚಂದ್ರಶೇಖರರ ಟೆಸ್ಟ್ ವಿಕೆಟ್ಟುಗಳು 242, ರನ್ನುಗಳು 167. ಅಂಥವರೊಬ್ಬರನ್ನು ಹೊತ್ತ ತಂಡವು ರನ್ನುಗಳನ್ನು ಬೇರೆಲ್ಲಿಂದಲಾದರೂ ತರಲೇಬೇಕು. ಸ್ಪಿನ್ನರುಗಳನ್ನೇ ನೆಚ್ಚಿದ ತಂಡಕ್ಕೆ ಬ್ಯಾಟಿನ ಮಗ್ಗುಲಲ್ಲಿ ನಿಂತು ಕ್ಯಾಚು ಹಿಡಿಯುವ ಎದೆಗಾರರೂ, ಯಾವ ಕಡೆಗೆ ತಿರುಗುವುದೆಂದು ಎಸೆದವರಿಗೇ ಖಚಿತವಿಲ್ಲದ ಚೆಂಡನ್ನು ಕಾಯುವ ಕಿರ್ಮಾನಿಯವರಂಥ ವಿಕೆಟ್ ಕೀಪರೂ ಬೇಕು. ಎಡಗೈ ಸ್ಪಿನ್ನರ್ ವಿಜಯಕೃಷ್ಣ ಬ್ಯಾಟನ್ನೂ ಬೀಸಬಲ್ಲವರಾಗಿದ್ದರು. ಬಿಷನ್ ಸಿಂಗ್ ಬೇಡಿಯವರ ಕಾಲದಲ್ಲಿ ಹುಟ್ಟಿದ ಕಾರಣಕ್ಕೋ ಏನೋ ಒಂದು ಟೆಸ್ಟನ್ನೂ ಆಡದೆ ಹೋದರು. ಅವರ ವಿಷಯದಲ್ಲಿ ನಮ್ಮವರು ಆಡುವ ಮಾತು ಕಡಮೆಯಾಯಿತೆಂದೇ ನನ್ನ ಅಭಿಪ್ರಾಯ.

ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂತು. ಆ ಋತುವಿನಲ್ಲಿ ಭಾರತದ ನೆಲದ ಮೇಲೆ ಟೆಸ್ಟ್ ಸರಣಿಯೇ ಇರಲಿಲ್ಲವಾದ್ದರಿಂದ ತಾರೆಗಳು ತವರಿನ ತಂಡಕ್ಕೆ ದೊರೆತರು. 1958–59ರಿಂದ ಸತತವಾಗಿ ಹದಿನೈದು ಬಾರಿ ರಣಜಿ ಟ್ರೋಫಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಬೊಂಬಾಯಿ, 1974ರ ಸೆಮಿಫೈನಲಿಗೆ ಬೆಂಗಳೂರಿಗೆ ಬಂತು. ವಿಶ್ವನಾಥರು 162 ರನ್ನು ಹೊಡೆದರು. ಆದರೆ ಅವರೊಡನೆ 106 ರನ್ನು ಗಳಿಸಿದ ಬ್ರಿಜೇಶ್ ಪಟೇಲರು ಅಂದಿಗಿನ್ನೂ ಟೆಸ್ಟ್ ಆಡದವರೆಂಬುದನ್ನು ಗಮನಿಸಬೇಕು. ಗವಾಸ್ಕರರನ್ನು ಪ್ರಸನ್ನರು ಬೌಲ್ಡ್ ಮಾಡಿದರು. ಭದ್ರವಾಗಿ ನೆಲೆಯೂರಿದ್ದ ವಾಡೇಕರರಾದರೋ, ಓಡುವಾಗ ಕಾಲು ಜಾರಿ ರನ್‌ಔಟಾದರು! ಮೊದಲ ಇನಿಂಗ್ಸಿನ ಮುನ್ನಡೆಯಿಂದ ಬೊಂಬಾಯಿಯ ಆಳ್ವಿಕೆ ಮುಗಿಯಿತು; ಜೈಪುರದ ಫೈನಲಿನಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಪಡೆಯಿತು.

ಅಂದಿನ ಆ ತಂಡವನ್ನು ಯಾರೂ ಹಣ ಕೊಟ್ಟು ಕೊಳ್ಳಲಿಲ್ಲ. ಇಂದು ಕೊಳ್ಳುತ್ತಾರೆ, ಕೊಳ್ಳುವಾಗ ದೊಡ್ಡ ಹೆಸರಿನ ಮೋಹ ತಪ್ಪುವುದು ಕಷ್ಟ. ಭದ್ರಾವತಿಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ: 1923ರಲ್ಲಿ ಕಬ್ಬಿಣ ಕರಗಿಸತೊಡಗಿ ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾದ ಕಾರ್ಖಾನೆಯ ನೆರಳಿನಲ್ಲಿ ಬಾಳಿದವರು, ಕ್ರೋಮಿಯಮ್ಮು ಬೆಲೆಯುಳ್ಳದ್ದೆಂದು ಕುಲುಮೆಯನ್ನೆಲ್ಲ ಅದರಿಂದಲೇ ತುಂಬುವುದಿಲ್ಲವೆಂಬುದನ್ನು ಬಲ್ಲರು. 2016ರ ಐಪಿಎಲ್ಲಿನಲ್ಲಿ ಕೊಹ್ಲಿ 973, ಡಿವಿಲಿಯರ್ಸ್ 687 ರನ್ನು ಗಳಿಸಿದ ಬೆಂಗಳೂರಿನ ತಂಡ, ತವರಿನ ಫೈನಲಿನಲ್ಲಿ ಹೈದರಾಬಾದಿಗೆ 208 ರನ್ನು ಬಿಟ್ಟುಕೊಟ್ಟು 8 ರನ್ನುಗಳಿಂದ ಸೋತಿತು. ಬೌಲಿಂಗಿನ ಬಡತನವನ್ನು ಬ್ಯಾಟಿಂಗಿನ ಸಿರಿ ಎಷ್ಟೆಂದು ಮುಚ್ಚೀತು? 2025ರ ತಂಡ ಕಟ್ಟುವಾಗ 120 ಕೋಟಿ ರೂಪಾಯಿಗಳಲ್ಲಿ ಕೊಹ್ಲಿಗೆ 21 ಕೋಟಿಯನ್ನೂ ಇನ್ನಿಬ್ಬರಿಗೆ 16 ಕೋಟಿಯನ್ನೂ ಇಟ್ಟು, ಉಳಿದ 83 ಕೋಟಿಯೊಡನೆ ಹರಾಜಿಗೆ ಹೋದ ಅದೇ ತಂಡ, ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯರನ್ನು ಕೊಂಡಿತು. ಫೈನಲಿನಲ್ಲಿ ನಾಲ್ಕು ಓವರುಗಳಿಗೆ 17 ರನ್ನಷ್ಟೇ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲರೇ ಪಂದ್ಯಶ್ರೇಷ್ಠರಾದರು.

ನಮ್ಮೂರಿನ ಹೆಸರು ಹೊತ್ತ ಶಿವಮೊಗ್ಗ ಲಯನ್ಸಿನ ಕಥೆ ಇದಕ್ಕಿಂತ ಚಿಕ್ಕದು, ಆದರೆ ನಮಗೆ ಹೆಚ್ಚು ನಾಟುವಂಥದು. 2024ರ ಮಹಾರಾಜ ಟ್ರೋಫಿಯಲ್ಲಿ ಅಭಿನವ್ ಮನೋಹರ್ 507 ರನ್ನು ಗಳಿಸಿದರು. ಹೊಡೆದ ಸಿಕ್ಸರುಗಳು 52. ಆರು ತಂಡಗಳ ಪಂದ್ಯಾವಳಿಯಲ್ಲಿ ನಾಲ್ಕು ತಂಡಗಳಿಗೆ ಸೆಮಿಫೈನಲಿನ ಅವಕಾಶವಿದ್ದೂ ಶಿವಮೊಗ್ಗೆಗೆ ಅದು ಒದಗಲಿಲ್ಲ. ಅಂಥ ಬ್ಯಾಟುಗಾರನಿರುವ ತಂಡಕ್ಕೆ ಎರಡನೆಯ ಸಿಕ್ಸರುಗಾರನನ್ನು ಅರಸುವುದಕ್ಕಿಂತ, ಕೊನೆಯ ನಾಲ್ಕು ಓವರುಗಳಲ್ಲಿ ಯಾರ್ಕರು ತಪ್ಪದೆ ಹಾಕುವ ಒಬ್ಬನನ್ನೂ, ಒಂದೊಂದೇ ರನ್ನು ಕದ್ದು ಸ್ಟ್ರೈಕು ಬಿಟ್ಟುಕೊಡುವ ಇನ್ನೊಬ್ಬನನ್ನೂ ಹುಡುಕುವುದು ಮೇಲು. ಹರಾಜಿನಲ್ಲಿ ಅಂಥವರ ಹೆಸರು ಬರುವುದು ತಡವಾಗಿ, ದರವೂ ಹೆಚ್ಚಲ್ಲ. ಅಷ್ಟು ಹೊತ್ತಿಗೆ ಚೀಲದಲ್ಲಿ ಹಣ ಮಿಕ್ಕಿರಬೇಕು, ಅಷ್ಟೆ.