ಕಬ್ಬಿಣದ ಊರಿಗೊಂದು ಪಾಸ್ತಾ

ಭದ್ರಾವತಿಯಿಂದ ಶಿವಮೊಗ್ಗದ ಶಾಲೆಗೆ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಾರ್ಥನೆಯ ವೇಳೆ ತಲೆ ಸುತ್ತಿ ಬಿದ್ದಳು. ಬರೀ ಕಾಫಿ ಕುಡಿದು ಬಂದಿದ್ದಳು. ವೈದ್ಯರು ರಕ್ತಹೀನತೆ ಎಂದರು. 1923ರಲ್ಲೇ ಕಬ್ಬಿಣ ತಯಾರಿಸಲು ಆರಂಭಿಸಿದ ಊರಿನ ಹುಡುಗಿಗೆ ಕಬ್ಬಿಣಾಂಶದ ಕೊರತೆ!

“ಉಪ್ಪಿಟ್ಟು ಬೇಡ ಸಾರ್, ಪಾಸ್ತಾ ಆದ್ರೆ ತಿಂತೀನಿ” ಎಂದಳು. ಆಗಲಿ, ಅದೂ ನಮ್ಮ ಶಾವಿಗೆಯ ನೆಂಟನೇ.

ಒಬ್ಬರಿಗೆ 75 ಗ್ರಾಂ ಪಾಸ್ತಾ ಬೇಯಿಸಿ ಬಸಿಯಿರಿ. ಈರುಳ್ಳಿ, ಟೊಮೆಟೊ, ನುಗ್ಗೆಸೊಪ್ಪು ಬಾಡಿಸಿ, ರಾತ್ರಿ ನೆನೆಸಿ ಬೇಯಿಸಿದ ಒಂದು ಹಿಡಿ ಕಡಲೆಕಾಳಿನೊಂದಿಗೆ ಬೆರೆಸಿ. ಗೋಧಿಯಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಿಂದ ಸಿಗುತ್ತದೆ, ಕಬ್ಬಿಣಾಂಶವೂ ಸಿಗುತ್ತದೆ. ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಅದರ ‘ಸಿ’ ವಿಟಮಿನ್ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಕಾಫಿ ಅದಕ್ಕೆ ಅಡ್ಡಿ. ಒಂದು ಗಂಟೆ ಬಿಟ್ಟು ಕುಡಿಯಿರಿ.

ವೈದ್ಯರ ಮಾತ್ರೆಗೆ ಇದು ಬದಲಿಯಲ್ಲ. ಆದರೆ ಪಾಲಕರೇ, ಹೊಟ್ಟೆ ತುಂಬಿದ ಮಗುವಿಗಷ್ಟೇ ಪಾಠ ಕೇಳಿಸುತ್ತದೆ.