ಅಂಗಡಿಯ ಸೀಸನ್ ಬೇರೆ, ನಿಮ್ಮೂರಿನ ಮಳೆ ಬೇರೆ

ಕಪಾಟಿನ ಬಾಗಿಲು ತೆಗೆದರೆ ಸಾಕು, ಬಟ್ಟೆಗಳ ರಾಶಿ ದಬದಬನೆ ಮೈಮೇಲೆ ಬೀಳುತ್ತದೆ. ಆದರೂ ಬೆಳಿಗ್ಗೆ ಎಂಟೂವರೆಗೆ ಅದರ ಮುಂದೆ ನಿಂತು 'ಅಯ್ಯೋ, ಹಾಕ್ಕೊಳ್ಳೋಕೆ ಒಂದೂ ಬಟ್ಟೆ ಇಲ್ಲ' ಅಂತ ಗೋಳಾಡದ ಹುಡುಗಿ ಯಾರಿದ್ದಾರೆ ಹೇಳಿ? ನಿಮ್ಮ ಮನೆಯಲ್ಲೂ ಇದೇ ಹಾಡು ತಾನೇ?

ನನ್ನ ಅಕ್ಕನ ಮಗಳದ್ದೂ ಇದೇ ಹಾಡು. ಆದರೆ ಅವಳ ಕಥೆ ಸ್ವಲ್ಪ ಉದ್ದ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವಳು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು, ಎರಡು ವರ್ಷದ ನಂತರ ಮಂಗಳೂರಿಗೆ ವರ್ಗವಾಯಿತು. ಅವಳಿಗೆ ಮೊದಲಿನಿಂದಲೂ ಇಷ್ಟ ಸಡಿಲವಾದ ಹತ್ತಿ ಕುರ್ತಾ, ಗಾಢ ಬಣ್ಣ, ತೋಳಿಗೋ ಕುತ್ತಿಗೆಗೋ ಒಂದಿಷ್ಟು ಖಣದ ಪಟ್ಟಿ. ಕಾಲೇಜಿನಲ್ಲಿ ಅದು ಅವಳ 'ಸ್ಟೈಲ್' ಆಗಿತ್ತು. ಬೆಂಗಳೂರಿನ ಆಫೀಸಿಗೆ ಬಂದ ಮೇಲೆ ಅದೇ 'ಆಂಟಿ ಡ್ರೆಸ್' ಆಗಿಬಿಟ್ಟಿತು! ಪಕ್ಕದ ಸೀಟಿನವಳು ನಗುನಗುತ್ತಲೇ ಹೇಳಿದ ಮಾತು. ನಗುತ್ತಾ ಹೇಳಿದ್ದೇ ಹೆಚ್ಚು ಚುಚ್ಚುತ್ತೆ, ಅಲ್ವಾ?

ಅಲ್ಲಿಂದ ಶುರುವಾಯಿತು ನೋಡಿ. ಮೊಬೈಲಿನಲ್ಲಿ ಕಂಡದ್ದೆಲ್ಲಾ ಬೇಕು. ಬೇಸಿಗೆಗೊಂದು, ಮಳೆಗೊಂದು, 'ವಿಂಟರ್ ಕಲೆಕ್ಷನ್' ಅಂತ ಇನ್ನೊಂದು. ಕೈಗೆ ಬರುತ್ತಿದ್ದ ಸಂಬಳ 28 ಸಾವಿರ. ಪಿ.ಜಿ. ಬಾಡಿಗೆ ಕಟ್ಟಿ, ಊರಿಗೆ ಕಳಿಸಿ ಉಳಿದದ್ದು ಬಟ್ಟೆಗೆ. ಸಾಲದ್ದಕ್ಕೆ ಕ್ರೆಡಿಟ್ ಕಾರ್ಡು. ಮಂಗಳೂರಿಗೆ ಹೋಗಿ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಾರ್ಡಿನ ಬಾಕಿ ಒಂದು ಕಡೆ, ತೊಡೆ ಸಂದಿಯಲ್ಲಿ ತುರಿಕೆ ಇನ್ನೊಂದು ಕಡೆ. ಒಂದು ರಾತ್ರಿ ಫೋನ್ ಮಾಡಿ ಅಳುದನಿಯಲ್ಲಿ ಕೇಳಿದಳು: 'ಮೌಶಿ, ನನ್ನ ಟೇಸ್ಟೇ ಸರಿ ಇಲ್ಲೇನು?'

ನಾನು ಕೇಳಿದ್ದು ಒಂದೇ ಪ್ರಶ್ನೆ. 'ನೀನು ಬಟ್ಟೆ ತಗೊಂಡದ್ದು ಯಾವ ಊರಿನ ಹವೆ ನೋಡಿ?'

ಯಾರದೋ ಚಳಿಗೆ ನಮ್ಮ ಕೋಟು

ಈ 'ಸೀಸನ್' ಅನ್ನೋದು ಎಲ್ಲಿಂದ ಬಂತು ಗೊತ್ತಾ? ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ಗಳಲ್ಲಿ ವರ್ಷಕ್ಕೆ ಎರಡು ಸಲ ದೊಡ್ಡ ಫ್ಯಾಷನ್ ಶೋ ನಡೆಯುತ್ತವೆ. ಫೆಬ್ರವರಿ-ಮಾರ್ಚ್‌ನಲ್ಲಿ ತೋರಿಸುವುದು ಮುಂದಿನ ಚಳಿಗಾಲದ ಉಡುಪು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೋರಿಸುವುದು ಮುಂದಿನ ವಸಂತ, ಬೇಸಿಗೆಯದ್ದು. ಅಲ್ಲಿಯ ಲೆಕ್ಕದಲ್ಲಿ ಋತು ಅಂದರೆ ಹಿಮ ಬೀಳುವುದು, ಹಿಮ ಕರಗುವುದು. ಮಳೆಗಾಲ ಅಂತ ಪ್ರತ್ಯೇಕ ಸೀಸನ್ನೇ ಅದರಲ್ಲಿಲ್ಲ! ಬಣ್ಣವೂ ಹಾಗೇ. ಅಮೆರಿಕದ ಪ್ಯಾಂಟೋನ್ ಅನ್ನೋ ಕಂಪನಿ 2000ನೇ ವರ್ಷಕ್ಕೆ ಒಂದು ಬಗೆಯ ಆಕಾಶನೀಲಿಯನ್ನು 'ವರ್ಷದ ಬಣ್ಣ' ಅಂತ ಆರಿಸಿತು. ಅಲ್ಲಿಂದೀಚೆಗೆ ಪ್ರತಿ ವರ್ಷ ಒಂದೋ ಎರಡೋ ಬಣ್ಣಕ್ಕೆ ಪಟ್ಟ ಕಟ್ಟುತ್ತಾ ಬಂದಿದೆ.

ಆ ಕ್ಯಾಲೆಂಡರೇ ತಿರುಗಿ ತಿರುಗಿ ನಮ್ಮ ಮಾಲ್‌ಗಳಿಗೂ ಬರುತ್ತದೆ. ನವೆಂಬರ್ ಬಂತೆಂದರೆ ಬೆಂಗಳೂರಿನ ಗಾಜಿನ ಶೋಕೇಸಿನಲ್ಲಿ ಬೊಂಬೆಗಳು ಮೊಣಕಾಲುದ್ದದ ಕೋಟು ತೊಟ್ಟು ನಿಲ್ಲುತ್ತವೆ. ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ ಇದ್ದೀತು. ಅದಕ್ಕೊಂದು ತೆಳು ಸ್ವೆಟರ್ ಸಾಕು, ಹತ್ತು ಗಂಟೆಗೆ ಅದನ್ನೂ ಬಿಚ್ಚಿ ಬ್ಯಾಗಿಗೆ ತುರುಕಬೇಕು. ನಮ್ಮ ಹುಡುಗಿ ಅಂಥ ಕೋಟನ್ನೇ 4,200 ರೂಪಾಯಿ ಕೊಟ್ಟು ತಂದಿದ್ದಳು. ಹಾಕಿದ್ದು ಎರಡು ಸಲ. ಅಂದರೆ ಒಂದು ಸಲಕ್ಕೆ 2,100 ರೂಪಾಯಿ! ಅದೇ ಅವಳ 900 ರೂಪಾಯಿಯ ಹತ್ತಿ ಕುರ್ತಾ ಕಡಿಮೆಯೆಂದರೂ 60 ಸಲ ಮೈಗೇರಿದೆ. ಸಲಕ್ಕೆ 15 ರೂಪಾಯಿ ಬಿತ್ತು. ಯಾವುದು ದುಬಾರಿ ಈಗ ಹೇಳಿ.

ಇದರಲ್ಲಿ ಒಂದು ಲಾಭದ ವಿಷಯವೂ ಇದೆ, ಬಿಡಬೇಡಿ. ಅಂಗಡಿಗಳ 'ವಿಂಟರ್' ಜನವರಿಯಲ್ಲೇ ಮುಗಿಯುತ್ತದೆ, ಆಗ ಬೆಚ್ಚನೆಯ ಬಟ್ಟೆಗೆ ರಿಯಾಯಿತಿ. ನಮ್ಮ ಚಳಿ ಇನ್ನೂ ಇದ್ದೇ ಇರುತ್ತದೆ. ಸ್ವೆಟರ್ ಬೇಕಿದ್ದವರು ನವೆಂಬರಿನಲ್ಲಿ ಆತುರಪಡುವುದೇಕೆ? ಇನ್ನು ನಮ್ಮ ಆಷಾಢದ ಸೇಲ್ ಇದೆಯಲ್ಲ, ಮದುವೆ-ಮುಂಜಿ ಇಲ್ಲದ ತಿಂಗಳಲ್ಲಿ ಗಿರಾಕಿ ಬರಲಿ ಅಂತ ಅಂಗಡಿಯವರು ಇಡುವ ಸೇಲ್, ಅದು ಸೀರೆಗೆ, ಚೂಡಿದಾರ್ ಪೀಸಿಗೆ ಒಳ್ಳೆಯ ಕಾಲ. ಆದರೆ ಜೂನ್-ಜುಲೈನಲ್ಲೇ ಬೇಸಿಗೆಯ ತೆಳ್ಳನೆ ಬಿಳಿ ಟಾಪ್‌ಗಳನ್ನೂ ರಾಶಿ ಹಾಕಿ ಮಾರುತ್ತಾರೆ. ಹೊರಗೆ ಧೋ ಅಂತ ಮಳೆ, ಕೈಯಲ್ಲಿ ಪಾರದರ್ಶಕ ಬಿಳಿ ಟಾಪ್. ಮುಂದಿನ ಮಾರ್ಚ್‌ವರೆಗೆ ಮಡಿಸಿಡುವ ತಾಳ್ಮೆ ಇದ್ದರೆ ಮಾತ್ರ ತಗೊಳ್ಳಿ.

ಮಂಗಳೂರು ಕಲಿಸಿದ ಪಾಠ

ಕಲಬುರಗಿಯ ಬಿಸಿಲು ಒಣ ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಬೆವರು ಅಲ್ಲೇ ಆರುತ್ತದೆ. ಮೈತುಂಬಾ ಸಡಿಲವಾದ ಹತ್ತಿ, ತಲೆಗೊಂದು ದುಪ್ಪಟ್ಟಾ ಇದ್ದರೆ ಆಯಿತು. ಬಿಸಿಲಿನಲ್ಲಿ ತೋಳಿಲ್ಲದ್ದಕ್ಕಿಂತ ತುಂಬುತೋಳಿನ ತೆಳು ಬಟ್ಟೆಯೇ ತಂಪು. ಬೆಂಗಳೂರಿನಲ್ಲಿ ಹೊರಗೆ ಹಿತವಾದರೂ ಆಫೀಸಿನೊಳಗೆ ಎ.ಸಿ. ಚಳಿ. ಅಲ್ಲಿ ಜೋರು ಮಳೆ ಜೂನ್‌ಗಿಂತ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಸಂಜೆ ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ! ಒಂದು ಸ್ಟೋಲ್ ಮತ್ತು ಕಣಕಾಲಿನ ಮೇಲಕ್ಕೆ ನಿಲ್ಲುವ ಪ್ಯಾಂಟು ಇದ್ದರೆ ಅಲ್ಲಿ ವರ್ಷ ಕಳೆಯಬಹುದು.

ಮಂಗಳೂರು ಹಾಗಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿದ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆ ನಿಂತರೆ ಸೆಕೆ. ಬೆವರು ಆರುವುದೇ ಇಲ್ಲ. ಅಂಥ ಊರಿಗೆ ಇವಳು ಬೆಂಗಳೂರಿನ ಬಿಗಿ ಜೀನ್ಸ್, ಹೊಳೆಯುವ ಸಿಂಥೆಟಿಕ್ ಲೆಗ್ಗಿಂಗ್ಸ್ ಹೊತ್ತುಕೊಂಡು ಹೋದಳು. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನೆನೆದ ಜೀನ್ಸ್ ಸಂಜೆವರೆಗೂ ಮೈಮೇಲೇ. ರಾತ್ರಿ ಒಗೆದು ಹಾಕಿದರೆ ಮೂರು ದಿನವಾದರೂ ಒಣಗದು, ಹಸಿ ವಾಸನೆ ಬೇರೆ. ವಿಧಿಯಿಲ್ಲದೆ ಅರೆಬರೆ ಒಣಗಿದ್ದನ್ನೇ ಹಾಕಿ ಹೋಗುತ್ತಿದ್ದಳು. ತುರಿಕೆ ಶುರುವಾಗಿದ್ದು ಹೀಗೆ.

ಸಂಕೋಚದಿಂದ ಯಾರಿಗೂ ಹೇಳಲಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಮುಲಾಮು ತಂದು ಹಚ್ಚಿದಳು. ಎರಡು ದಿನ ಕಡಿಮೆಯಾಗಿ, ಆಮೇಲೆ ದುಪ್ಪಟ್ಟಾಗಿ ಹರಡಿತು. ಕೊನೆಗೆ ಚರ್ಮವೈದ್ಯರ ಹತ್ತಿರ ಹೋದಾಗ ತಿಳಿದದ್ದು: ಅದು ಹುಳುಕಡ್ಡಿ, ಅಂದರೆ ಫಂಗಸ್ ಸೋಂಕು. ಹಚ್ಚಿದ ಮುಲಾಮಿನಲ್ಲಿದ್ದದ್ದು ಸ್ಟೀರಾಯ್ಡ್. ಸ್ಟೀರಾಯ್ಡ್ ತುರಿಕೆಯನ್ನು ತಾತ್ಕಾಲಿಕವಾಗಿ ಅಡಗಿಸುತ್ತದೆ, ಸೋಂಕನ್ನು ಒಳಗೊಳಗೇ ಬೆಳೆಸುತ್ತದೆ. ವಾಸಿಯಾಗಲು ವಾರಗಟ್ಟಲೆ ಬೇಕಾಯಿತು. ಹುಡುಗಿಯರೇ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸೊಂಟ, ತೊಡೆ, ಎದೆಯ ಕೆಳಗೆ ಇಂಥ ತುರಿಕೆ ಕಂಡರೆ ನೇರ ವೈದ್ಯರ ಹತ್ತಿರ ಹೋಗಿ, ಗೆಳತಿಯ ಮುಲಾಮು ಬೇಡ. ಒಬ್ಬರ ಟವೆಲ್, ಬಟ್ಟೆ ಇನ್ನೊಬ್ಬರು ಬಳಸುವುದೂ ಬೇಡ. ಒಳ ಉಡುಪು ಪೂರ್ತಿ ಒಣಗಿರಲಿ. ಬಿಸಿಲಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆ ಇದೆಯಲ್ಲ!

ಹಾಗಾದರೆ ಮಳೆನಾಡಿನಲ್ಲಿ ಏನು ಹಾಕೋದು? 'ಹತ್ತಿಯೇ ಒಳ್ಳೇದು' ಅಂತ ಕಣ್ಣುಮುಚ್ಚಿ ಹೇಳುವವರ ಮಾತನ್ನು ಪೂರ್ತಿ ನಂಬಬೇಡಿ. ದಪ್ಪ ಹತ್ತಿ ನೀರು ಕುಡಿದು ಕೂತರೆ ಒಣಗುವುದೇ ಇಲ್ಲ. ಅಪ್ಪಟ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರನ್ನು ಹೀರುವುದಿಲ್ಲ. ನಡುವಿನ ದಾರಿ ಅಂದರೆ ಮೇಲಕ್ಕೆ ತೆಳ್ಳನೆಯ ಮಲ್ ಹತ್ತಿ, ಕೆಳಕ್ಕೆ ಹತ್ತಿ-ಪಾಲಿಯೆಸ್ಟರ್ ಬೆರಕೆಯ ಸಡಿಲ ಪ್ಯಾಂಟು. ಜೀನ್ಸನ್ನು ಅಕ್ಟೋಬರ್‌ವರೆಗೆ ಮೇಲಿನ ಅಟ್ಟಕ್ಕೆ ಹಾಕಿ. ರೇಯಾನ್ ಕುರ್ತಾ ಮೃದು, ಅಗ್ಗ, ಸರಿ. ಆದರೆ ಮರದ ತಿರುಳಿನಿಂದ ತಯಾರಾಗುವ ಈ ನೂಲು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹಿಂಡಿದರೆ ಹರಿಯುತ್ತದೆ, ಜೋತುಬೀಳುತ್ತದೆ.

ಲೇಬಲ್ ಮೇಲೆ 'ಕಾಟನ್ ಫೀಲ್' ಅಂತಿದ್ದರೆ ಅದು ಹತ್ತಿಯಂತೆ ಅನಿಸುತ್ತದೆ ಅಂತ ಅರ್ಥವೇ ಹೊರತು ಹತ್ತಿ ಅಂತ ಅಲ್ಲ. ಅನುಮಾನ ಬಂದರೆ ಹೊಲಿಗೆಯ ಒಳಭಾಗದಿಂದ ಬಟ್ಟೆಯದೇ ಒಂದೆಳೆ ಕಿತ್ತು, ಸಿಂಕಿನ ಮೇಲೆ ಹಿಡಿದು ಬೆಂಕಿ ಸೋಕಿಸಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿ ಮಣಿ ಬೆರಳಿಗೆ ಅಂಟೀತು, ಜೋಕೆ.

ಕಪ್ಪಗಿದ್ದವರು ಕೆಂಪು ಉಡಬಾರದೇ?

ಈ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತೆ. ಅವಳಿಗೆ ಆಫೀಸಿನಲ್ಲಿ ಸಿಕ್ಕಿದ ಇನ್ನೊಂದು ಉಚಿತ ಸಲಹೆ: 'ನಿನ್ನ ಸ್ಕಿನ್ ಟೋನ್‌ಗೆ ಡಾರ್ಕ್ ಕಲರ್ ಒಪ್ಪಲ್ಲ, ಪೇಸ್ಟಲ್ ಹಾಕು.' ಮಬ್ಬು ಗುಲಾಬಿ, ಮಬ್ಬು ಹಸಿರು, ಮಬ್ಬು ನೀಲಿ. ಇಡೀ ಕಪಾಟು ಮಬ್ಬಾಯಿತು. ಅವುಗಳಲ್ಲಿ ತಾನು 'ಜ್ವರ ಬಂದವಳ ಹಾಗೆ' ಕಾಣ್ತೀನಿ ಅಂತ ಅವಳೇ ಹೇಳಿದಳು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆ ನೋಡಿದ್ದೀರಲ್ಲ? ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ. ಒಡಲು ಹತ್ತಿಯಾದರೂ ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಸೇರಿಸುವ 'ಟೋಪ್ ತೆನಿ' ನೇಯ್ಗೆ. ಆ ಕೆಂಪು ಉಟ್ಟು ಉರಿಬಿಸಿಲಿನಲ್ಲಿ ಹೊಲದಲ್ಲಿ ನಿಂತ ನಮ್ಮ ಕಡೆಯ ಹೆಂಗಸರಲ್ಲಿ ಹೆಚ್ಚಿನವರು ಎಣ್ಣೆಗಪ್ಪು. ಯಾರಾದರೂ ಅವರಿಗೆ 'ಒಪ್ಪಲ್ಲ' ಅಂದಿದ್ದುಂಟೇ? ಗುಳೇದಗುಡ್ಡದ ಖಣವೂ ಅಷ್ಟೇ, ಅದರ ಅಂದ ಇರುವುದೇ ಗಾಢ ಬಣ್ಣದಲ್ಲಿ. ಯಾವ ಬಣ್ಣ ಒಪ್ಪುತ್ತೆ ಅಂತ ತಿಳಿಯಬೇಕಾ? ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಬಟ್ಟೆಯನ್ನು ಗದ್ದದ ಕೆಳಗೆ ಹಿಡಿದು, ಹಗಲು ಹೊತ್ತು ಕಿಟಕಿ ಪಕ್ಕ ಕನ್ನಡಿ ನೋಡಿ. ಮೊದಲು ಮುಖ ಕಂಡರೆ ಆ ಬಣ್ಣ ನಿಮ್ಮದು. ಬಟ್ಟೆಯೇ ಮೊದಲು ಕಂಡರೆ ವಾಪಸ್ ಇಟ್ಟುಬಿಡಿ.

ಹಾಗಂತ ಫ್ಯಾಷನ್ ಮಾಡಲೇಬೇಡಿ ಅನ್ನೋಳು ನಾನಲ್ಲ. 2007ರಲ್ಲಿ 'ಜಬ್ ವಿ ಮೆಟ್' ಸಿನಿಮಾ ಬಂದಾಗ ಕರೀನಾ ಕಪೂರ್ ಟೀಶರ್ಟ್ ಜೊತೆ ಪಟಿಯಾಲಾ ಪ್ಯಾಂಟು ಹಾಕಿದ್ದೇ ಹಾಕಿದ್ದು, ನಾನೂ ಹೊಲಿಸಿದೆ. ಹೆಚ್ಚುಕಡಿಮೆ ನಾಲ್ಕು ಮೀಟರ್ ಬಟ್ಟೆ! ಮೆಜೆಸ್ಟಿಕ್ಕಿನಲ್ಲಿ ಮಳೆಗೆ ಸಿಕ್ಕಿ, ನೀರು ಕುಡಿದ ಆ ನೆರಿಗೆಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಸ್ಸಿಗೆ ಓಡಿದ್ದು ಇನ್ನೂ ನೆನಪಿದೆ. ಕೊಡೆ ಹಿಡಿಯೋಕೆ ಮೂರನೇ ಕೈ ಬೇಕಿತ್ತು! ಆದರೂ ಆ ಪ್ಯಾಂಟು ನನಗೆ ಇಷ್ಟವಾಗಿತ್ತು, ಬೇಸಿಗೆಯಲ್ಲಿ ಹರಿಯುವವರೆಗೂ ಹಾಕಿದೆ.

ಹ್ಯಾಂಗರ್ ಹೇಳಿದ ಸತ್ಯ

ಅವಳಿಗೆ ನಾನು ಹೇಳಿಕೊಟ್ಟದ್ದು ಒಂದು ಸಣ್ಣ ಉಪಾಯ. ಕಪಾಟಿನ ಎಲ್ಲಾ ಹ್ಯಾಂಗರ್‌ಗಳನ್ನೂ ಕೊಕ್ಕೆ ನಿಮ್ಮ ಕಡೆ ಬರುವ ಹಾಗೆ ತಿರುಗಿಸಿ ನೇತುಹಾಕಿ. ಒಂದು ಬಟ್ಟೆ ಹಾಕಿ ಒಗೆದು ವಾಪಸ್ ಇಡುವಾಗ ಕೊಕ್ಕೆಯನ್ನು ಗೋಡೆ ಕಡೆಗೆ ಮಾಡಿ. ಮೂರು ತಿಂಗಳು ಬಿಟ್ಟು ಎಣಿಸಿ. ಅಷ್ಟು ದಿನ ಹೊಸ ಬಟ್ಟೆ ಬೇಡ. ಹಬ್ಬ ಬಂದರೂ ಬೇಡ.

ಅವಳ ಹತ್ತಿರ ಇದ್ದದ್ದು 61 ಬಟ್ಟೆ. ತಿರುಗಿದ್ದು 14. ಆ 14ರಲ್ಲಿ ಹನ್ನೊಂದು, 'ಆಂಟಿ ಡ್ರೆಸ್' ಅಂತ ನಗಿಸಿಕೊಂಡ ಹತ್ತಿ ಕುರ್ತಾಗಳೇ! ಟೇಸ್ಟು ಸರಿ ಇಲ್ಲ ಅಂತ ಅತ್ತವಳು ಬೆಳಿಗ್ಗೆ ಅವಸರದಲ್ಲಿ, ಯಾರ ಮಾತೂ ಕಿವಿಯಲ್ಲಿ ಇಲ್ಲದ ಹೊತ್ತಿನಲ್ಲಿ, ಕೈ ಹಾಕಿದ್ದು ಅವಕ್ಕೇ. ಉಳಿದ ಮೂರು ಮಾತ್ರ ಬೆಂಗಳೂರಿನ ಕಲಿಕೆ: ಎರಡು ಸಡಿಲ ಪ್ಯಾಂಟು, ಒಂದು ಕಪ್ಪು ಶರ್ಟು. ಆ ಶರ್ಟು ಅವಳಿಗೆ ನಿಜವಾಗಿ ಚೆನ್ನಾಗಿ ಕಾಣುತ್ತೆ. ಪಕ್ಕದ ಸೀಟಿನವಳು ಆರಿಸಿಕೊಟ್ಟದ್ದಂತೆ, ಅದನ್ನೂ ಹೇಳಬೇಕಲ್ಲ.

ತಿರುಗದವುಗಳಲ್ಲಿ ಕೆಲವನ್ನು ತಂಗಿಗೆ ಕೊಟ್ಟಳು. ಎರಡು ಪೇಸ್ಟಲ್ ಕುರ್ತಾಗಳಿಗೆ ಗಾಢ ಬಣ್ಣ ಹಾಕಿಸಿದಳು, ಒಂದು ಚೆನ್ನಾಗಿ ಬಂತು, ಇನ್ನೊಂದು ಪಾಲಿಯೆಸ್ಟರ್ ಆದ್ದರಿಂದ ಬಣ್ಣವೇ ಹಿಡಿಯಲಿಲ್ಲ. ಕೋಟಿಗೆ ಇನ್ನೂ ಗಿರಾಕಿ ಸಿಕ್ಕಿಲ್ಲ. ಕಾರ್ಡಿನ ಬಾಕಿ ತೀರೋಕೆ ಏಳು ತಿಂಗಳು ಹಿಡಿಯಿತು.

ಮೊನ್ನೆ ಆಷಾಢದ ಸೇಲ್ ಹೊತ್ತಿಗೆ ಒಂದು ಫೋಟೊ ಕಳಿಸಿದ್ದಳು. ದಪ್ಪನೆಯ ಡೆನಿಮ್ ಜಾಕೆಟ್! 'ಮಂಗಳೂರಿನಲ್ಲಿ ಇದು ಒಣಗೋದು ದೀಪಾವಳಿಗೆ' ಅಂತ ಬರೆದೆ. ತಕ್ಷಣ ಉತ್ತರ ಬಂತು: 'ಇಲ್ಲಿ ಯಾರು ಹಾಕ್ತಾರ ಮೌಶಿ? ಡಿಸೆಂಬರ್‌ದಾಗ ಊರಿಗೆ ಬರ್ತೀನಲ್ಲ, ಅಲ್ಲಿ ಥಂಡಿ ಇರ್ತದ. ಆವಾಗ ಹಾಕ್ಕೋತೀನಿ. ಬೆನ್ನಿಗೆ ಖಣದ ತುಂಡು ಹಚ್ಚಿಕೊಡ್ತೀರೇನು?'