ನೆಗೆತಕ್ಕೆ ತಕ್ಕ ವಿಮಾನ

ಹಾರುತ್ತಿರುವ ವಿಮಾನದಿಂದ ಹೊರಕ್ಕೆ ಧುಮುಕಿ, ಪ್ಯಾರಾಚೂಟಿನ ನೆರವಿನಿಂದ ನೆಲವನ್ನು ಸೇರುವುದು ಇಂದು ಅನೇಕ ದೇಶಗಳಲ್ಲಿ ಸಾಹಸಕ್ರೀಡೆಯಾಗಿ ಬೆಳೆದಿದೆ. ಈ ಕ್ರೀಡೆಯನ್ನು ನೋಡುವವರ ದೃಷ್ಟಿ ಬಾನಿನಲ್ಲಿ ಅರಳುವ ಬಣ್ಣದ ಕೊಡೆಯ ಮೇಲೆಯೇ ನೆಟ್ಟಿರುತ್ತದೆ. ಧುಮುಕುವವರನ್ನು ಅಷ್ಟು ಎತ್ತರಕ್ಕೆ ಹೊತ್ತೊಯ್ದ ವಿಮಾನವನ್ನು ಗಮನಿಸುವವರು ವಿರಳ. ಆದರೆ ಕೊಡೆಯನ್ನು ಆರಿಸುವಲ್ಲಿ ಎಷ್ಟು ಎಚ್ಚರ ಬೇಕೋ ವಿಮಾನವನ್ನು ಆರಿಸುವಲ್ಲಿಯೂ ಅಷ್ಟೇ ಎಚ್ಚರ ಬೇಕು. ನೆಲದಿಂದ ಕೆಲವು ನೂರು ಅಡಿಗಳಷ್ಟೇ ಮೇಲೇರಿದಾಗ ವಿಮಾನವು ಕೆಟ್ಟರೆ ಬೆನ್ನಿಗೆ ಕಟ್ಟಿಕೊಂಡ ಕೊಡೆಯಿಂದ ಪ್ರಯೋಜನವಾಗದು.

1797ರಲ್ಲಿ ಆಂದ್ರೆ ಜಾಕ್ ಗಾರ್ನೆರಿನ್ ಎಂಬ ಸಾಹಸಿಯು ಪ್ಯಾರಿಸ್ ನಗರದಲ್ಲಿ ಬಲೂನಿನಿಂದ ಪ್ಯಾರಾಚೂಟಿನ ಮೂಲಕ ಇಳಿದು ಜನರನ್ನು ಬೆರಗುಗೊಳಿಸಿದನು. ವಿಮಾನವು ಹುಟ್ಟಿದ ಮೇಲೆ, 1912ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದ ಬಳಿ ಆಲ್ಬರ್ಟ್ ಬೆರಿ ಎಂಬಾತನು ಹಾರುವ ವಿಮಾನದಿಂದ ಧುಮುಕಿ ಕ್ಷೇಮವಾಗಿ ನೆಲ ಮುಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ವಿಮಾನಗಳಿಂದ ಇಳಿದರು. ಯುದ್ಧಾನಂತರ ಈ ವಿದ್ಯೆಯು ಕ್ರೀಡೆಯಾಗಿ ಹಬ್ಬಿತು. ಆಗ ಒಂದು ಹೊಸ ಪ್ರಶ್ನೆ ಎದುರಾಯಿತು: ಈ ಕ್ರೀಡೆಗೆ ಯಾವ ವಿಮಾನವು ತಕ್ಕುದು?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ವಿಮಾನವು ಮಾಡಬೇಕಾದ ಕೆಲಸವನ್ನು ಅರಿಯಬೇಕು. ಪ್ರಯಾಣಿಕರ ವಿಮಾನವು ಜನರನ್ನು ಒಂದು ಊರಿನಿಂದ ಮತ್ತೊಂದು ಊರಿಗೆ ಒಯ್ಯುತ್ತದೆ. ನೆಗೆತದ ವಿಮಾನವಾದರೋ ಜನರನ್ನು ಕೇವಲ ಮೇಲಕ್ಕೆ ಒಯ್ಯುತ್ತದೆ. ಅದು ಸಾಮಾನ್ಯವಾಗಿ 10,000ದಿಂದ 14,000 ಅಡಿಗಳವರೆಗೆ ಏರಿ, ಅಲ್ಲಿ ಅವರನ್ನು ಬಿಟ್ಟು, ಬರಿದಾಗಿ ಕೆಳಗಿಳಿದು, ಮತ್ತೊಂದು ತಂಡವನ್ನು ಹೊತ್ತು ಪುನಃ ಏರುತ್ತದೆ. ದಿನವೊಂದಕ್ಕೆ ಅನೇಕ ಬಾರಿ ಇದೇ ಕ್ರಮ. ಆದುದರಿಂದ ದೂರಪ್ರಯಾಣಕ್ಕೆ ಬೇಕಾದ ಅತಿ ವೇಗವಾಗಲಿ, ಸುಖಾಸನಗಳಾಗಲಿ ಇಲ್ಲಿ ಮುಖ್ಯವಲ್ಲ. ಆಸನಗಳನ್ನು ತೆಗೆದುಹಾಕಿ, ಧುಮುಕುವವರನ್ನು ನೆಲಹಾಸಿನ ಮೇಲೆಯೋ ಉದ್ದನೆಯ ಬೆಂಚುಗಳ ಮೇಲೆಯೋ ಪಟ್ಟಿ ಬಿಗಿದು ಕೂರಿಸುವುದೇ ವಾಡಿಕೆ.

ಇಂತಹ ವಿಮಾನಕ್ಕೆ ಇರಬೇಕಾದ ಮೊದಲನೆಯ ಗುಣ ಬೇಗನೆ ಮೇಲೇರುವ ಶಕ್ತಿ. ಎತ್ತರ ಹೆಚ್ಚಿದಂತೆ ಗಾಳಿಯು ವಿರಳವಾಗುತ್ತದೆ. 13,000 ಅಡಿಗಳ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಕೊಂತ ಅಥವಾ ಪಿಸ್ಟನ್ ಇರುವ ಸಾಧಾರಣ ಎಂಜಿನ್ನಿಗೆ ಅಲ್ಲಿ ಉಸಿರು ಸಾಲದು. ಅದರ ಬಲವು ಕುಂದಿ ಏರಿಕೆ ನಿಧಾನವಾಗುತ್ತದೆ. ಟರ್ಬೊಪ್ರಾಪ್ ಎಂಬ ಎಂಜಿನ್ ತನ್ನ ತೂಕಕ್ಕೆ ಹೋಲಿಸಿದರೆ ಬಹು ಬಲವುಳ್ಳದ್ದು. ಆದಕಾರಣ ಅದನ್ನು ಅಳವಡಿಸಿದ ವಿಮಾನವು ತುಂಬಿದ ಭಾರದೊಡನೆಯೂ ಶೀಘ್ರವಾಗಿ ಏರಬಲ್ಲದು. ಆದರೆ ಅದರ ಬೆಲೆಯೂ ದುರಸ್ತಿಯ ವೆಚ್ಚವೂ ಹೆಚ್ಚು.

ಎರಡನೆಯದು ಬಾಗಿಲು. ಬೆನ್ನಿಗೆ ಕೊಡೆಯ ಚೀಲವನ್ನು ಕಟ್ಟಿಕೊಂಡ ವ್ಯಕ್ತಿಯು ಎಲ್ಲಿಯೂ ತಾಗದಂತೆ ಹೊರಬರುವಷ್ಟು ಬಾಗಿಲು ವಿಶಾಲವಾಗಿರಬೇಕು. ಹಾರಾಟದ ನಡುವೆಯೇ ಅದನ್ನು ತೆರೆಯಲು ಮುಚ್ಚಲು ಸಾಧ್ಯವಾಗಬೇಕು. ಚೀಲದ ಹಿಡಿಯೊಂದು ಬಾಗಿಲ ಅಂಚಿಗೆ ಸಿಕ್ಕಿ ಕೊಡೆಯು ಅಕಾಲದಲ್ಲಿ ಬಿಚ್ಚಿಕೊಂಡರೆ ಅದು ವಿಮಾನದ ಬಾಲಕ್ಕೆ ಸುತ್ತಿಕೊಳ್ಳಬಹುದು. ಆಗ ಧುಮುಕುವವನಿಗೆ ಮಾತ್ರವಲ್ಲ, ಒಳಗಿರುವ ಎಲ್ಲರಿಗೂ ಅಪಾಯ. ರೆಕ್ಕೆಯು ಮೇಲ್ಭಾಗದಲ್ಲಿರುವ ವಿಮಾನವನ್ನು ಈ ಕೆಲಸಕ್ಕೆ ಹೆಚ್ಚಾಗಿ ಮೆಚ್ಚುವುದಕ್ಕೂ ಕಾರಣವಿದೆ. ಬಾಗಿಲಿನಿಂದ ನೆಲವು ಸ್ಪಷ್ಟವಾಗಿ ಕಾಣುವುದು. ಹೊರಕ್ಕೆ ನೆಗೆಯುವಾಗ ರೆಕ್ಕೆಯು ಅಡ್ಡ ಬರುವುದಿಲ್ಲ.

ಮೂರನೆಯದು ನಿಧಾನವಾಗಿ ಹಾರಬಲ್ಲ ಗುಣ. ಧುಮುಕುವ ಸಮಯದಲ್ಲಿ ಚಾಲಕನು ವೇಗವನ್ನು ತಗ್ಗಿಸುತ್ತಾನೆ. ಆದರೆ ವೇಗವು ಒಂದು ಮಿತಿಗಿಂತ ಕಡಮೆಯಾದರೆ ರೆಕ್ಕೆಗಳ ಎತ್ತುವ ಬಲವು ಕುಸಿದು ವಿಮಾನವು ಹತೋಟಿ ತಪ್ಪುತ್ತದೆ. ಕಡಮೆ ವೇಗದಲ್ಲಿಯೂ ಸ್ಥಿರವಾಗಿ ಹಾರುವ ವಿಮಾನವು ಚಿಕ್ಕ ಓಡುದಾರಿಯಿಂದ ಏರಿ ಇಳಿಯಲೂ ಸಮರ್ಥವಾಗಿರುತ್ತದೆ.

ನಾಲ್ಕನೆಯದು ಸಮತೋಲನ. ಎತ್ತಿನ ಗಾಡಿಯ ಹಿಂಭಾಗಕ್ಕೆ ಹೆಚ್ಚು ಹೊರೆ ಹೇರಿದರೆ ನೊಗವು ಮೇಲೇಳುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಕಂಡಿರುತ್ತಾರೆ. ವಿಮಾನದ ಸ್ಥಿತಿಯೂ ಹಾಗೆಯೇ. ಧುಮುಕುವವರು ಹಿಂದಿನ ಬಾಗಿಲ ಬಳಿ ಗುಂಪುಗೂಡಿದಾಗ ಗುರುತ್ವಕೇಂದ್ರವು ಹಿಂದಕ್ಕೆ ಸರಿದು ವಿಮಾನದ ಮೂತಿಯು ಮೇಲೇಳುತ್ತದೆ, ವೇಗವು ಕುಗ್ಗುತ್ತದೆ. 2019ರ ಜುಲೈ ತಿಂಗಳಲ್ಲಿ ಸ್ವೀಡನ್ ದೇಶದ ಉಮೆಯೊ ನಗರದ ಬಳಿ ಇಂತಹ ವಿಮಾನವೊಂದು ಹತೋಟಿ ತಪ್ಪಿ, ಬಾನಿನಲ್ಲಿಯೇ ಮುರಿದು ಬಿದ್ದು, ಒಳಗಿದ್ದ ಒಂಬತ್ತು ಮಂದಿಯೂ ಮೃತರಾದರು. ವಿಮಾನದ ಭಾರವು ಹಿಂಭಾಗಕ್ಕೆ ವಾಲಿದ್ದುದು ತನಿಖೆಯಿಂದ ತಿಳಿದುಬಂದಿತು. ಆದುದರಿಂದ ಎಷ್ಟು ಜನ ಹಿಡಿಸುತ್ತಾರೆ ಎಂದು ಕೇಳಿದರೆ ಸಾಲದು; ಅವರು ಎಲ್ಲಿ ಕುಳಿತರೆ, ಬಾಗಿಲ ಬಳಿ ಏಕಕಾಲಕ್ಕೆ ಎಷ್ಟು ಜನ ನಿಂತರೆ ಸಮತೋಲನ ಕೆಡದು ಎಂಬುದನ್ನೂ ಕೇಳಬೇಕು.

ಈ ಕ್ರೀಡೆಯಲ್ಲಿ ಬಳಕೆಯಲ್ಲಿರುವ ಮೂರು ವಿಮಾನಗಳನ್ನು ಹೋಲಿಸಿ ನೋಡಬಹುದು. ಸೆಸ್ನಾ 182 ಎಂಬುದು ಒಂದೇ ಪಿಸ್ಟನ್ ಎಂಜಿನ್ನಿನ ಚಿಕ್ಕ ವಿಮಾನ. ಚಾಲಕನಲ್ಲದೆ ಸಾಮಾನ್ಯವಾಗಿ ನಾಲ್ವರನ್ನು ಹೊರುತ್ತದೆ. ಸೆಸ್ನಾ ಕ್ಯಾರವಾನ್ 1982ರಲ್ಲಿ ಮೊದಲ ಬಾರಿಗೆ ಹಾರಿದ, ಒಂದೇ ಟರ್ಬೊಪ್ರಾಪ್ ಎಂಜಿನ್ನಿನ ವಿಮಾನ. ಇದರಲ್ಲಿ ಸುಮಾರು ಹದಿನೈದು ಜನರಿಗೆ ಸ್ಥಳವುಂಟು. ಕೆನಡಾ ದೇಶದಲ್ಲಿ ರೂಪುಗೊಂಡು 1965ರಲ್ಲಿ ಮೊದಲು ಹಾರಿದ ಟ್ವಿನ್ ಆಟರ್ ವಿಮಾನಕ್ಕೆ ಎರಡು ಟರ್ಬೊಪ್ರಾಪ್ ಎಂಜಿನ್ನುಗಳಿವೆ. ಅದು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಒಯ್ಯಬಲ್ಲದು.

ಇವುಗಳಲ್ಲಿ ಯಾವುದು ಮೇಲು? ಒಂದು ಲೆಕ್ಕವನ್ನು ಮಾಡಿದರೆ ಉತ್ತರವು ಹೊಳೆಯುತ್ತದೆ. ಒಂದು ಸಂಘಕ್ಕೆ ದಿನವೊಂದಕ್ಕೆ ನಲವತ್ತು ಮಂದಿ ಬರುವರೆಂದು ಭಾವಿಸೋಣ. ಚಿಕ್ಕ ಸೆಸ್ನಾ ಹತ್ತು ಬಾರಿ ಏರಬೇಕು. ಒಂದು ಸರದಿಗೆ ನಲವತ್ತು ನಿಮಿಷ ಹಿಡಿದರೆ ಸುಮಾರು ಏಳು ಗಂಟೆಗಳು ಬೇಕು. ಹಗಲಿನಲ್ಲಿ ಕೆಲಸ ಮುಗಿಯುತ್ತದೆ. ಬರುವವರು ಇನ್ನೂರು ಮಂದಿಯಾದರೆ ಅದು ಐವತ್ತು ಬಾರಿ ಏರಬೇಕು. ಅದಕ್ಕೆ ಒಂದು ದಿನವೇ ಸಾಲದು. ಟ್ವಿನ್ ಆಟರ್ ಅದೇ ಕೆಲಸವನ್ನು ಹತ್ತು ಸರದಿಗಳಲ್ಲಿ ಮಾಡಿ ಮುಗಿಸುತ್ತದೆ. ಆದರೆ ದಿನಕ್ಕೆ ಐದಾರು ಜನ ಮಾತ್ರ ಬರುವ ಕಡೆ ಆ ದೊಡ್ಡ ವಿಮಾನವನ್ನು ಹಾರಿಸುವುದು ಒಂದು ಮೂಟೆ ಭತ್ತಕ್ಕೆ ಲಾರಿಯನ್ನು ಕಟ್ಟಿಸಿದಂತೆ. ಕೆಲಸಕ್ಕೆ ಯಾವುದು ಸರಿಹೊಂದುವುದೋ ಅದೇ ಮೇಲು.

ಎರಡು ಎಂಜಿನ್ನುಗಳಿದ್ದರೆ ಅಪಾಯವೇ ಇಲ್ಲವೆಂದು ತಿಳಿಯುವುದೂ ಸರಿಯಲ್ಲ. 2006ರ ಜುಲೈ 29ರಂದು ಅಮೆರಿಕದ ಮಿಸೌರಿ ರಾಜ್ಯದ ಸಲಿವನ್ ಎಂಬಲ್ಲಿ ಟ್ವಿನ್ ಆಟರ್ ವಿಮಾನವೊಂದರ ಬಲಗಡೆಯ ಎಂಜಿನ್ ಏರುವಾಗಲೇ ಕೆಟ್ಟಿತು. ಮತ್ತೊಂದು ಎಂಜಿನ್ ಇದ್ದರೂ ಅಗತ್ಯವಾದ ವೇಗವು ಉಳಿಯದೆ ವಿಮಾನವು ನೆಲಕ್ಕೆ ಬಿದ್ದು ಆರು ಮಂದಿ ಅಸುನೀಗಿದರು. ಕೆಟ್ಟ ಗಳಿಗೆಯಲ್ಲಿ ಚಾಲಕನ ಕೈಚಳಕ, ತರಬೇತು ಇವೂ ಯಂತ್ರದಷ್ಟೇ ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಕೊನೆಯದಾಗಿ ಪಾಲನೆಯ ವಿಚಾರ. ದಿನಕ್ಕೆ ಹಲವು ಬಾರಿ ಏರಿಳಿಯುವ ವಿಮಾನದ ಗಾಲಿಗಳು, ಬಿರಿಗಳು, ರೆಕ್ಕೆಯ ಜೋಡಣೆಗಳು ಬೇಗ ಸವೆಯುತ್ತವೆ. ಹಳೆಯ ವಿಮಾನವನ್ನು ಕೊಳ್ಳುವವರು ಅದು ಎಷ್ಟು ಗಂಟೆ ಹಾರಿದೆ ಎಂಬುದರೊಡನೆ ಎಷ್ಟು ಬಾರಿ ನೆಲಕ್ಕಿಳಿದಿದೆ ಎಂಬುದನ್ನೂ ದಾಖಲೆಗಳಲ್ಲಿ ಪರೀಕ್ಷಿಸಬೇಕು. ಬಿಡಿಭಾಗಗಳೂ ನುರಿತ ಕುಶಲಕರ್ಮಿಗಳೂ ಸಮೀಪದಲ್ಲಿ ದೊರೆಯುವರೇ ಎಂದು ವಿಚಾರಿಸಬೇಕು. ಅಗ್ಗವೆಂಬ ಒಂದೇ ಕಾರಣಕ್ಕೆ ಕೊಂಡ ವಿಮಾನವು ಮುಂದೆ ಬಹು ದುಬಾರಿಯಾಗಬಹುದು. ಆ ಬೆಲೆಯನ್ನು ಹಣದಿಂದ ಮಾತ್ರವೇ ತೆರಬೇಕಾಗುವುದಿಲ್ಲ.

ಧುಮುಕುವವನು ಬಾಗಿಲಲ್ಲಿ ನಿಂತಾಗ ಅವನ ಧೈರ್ಯವು ಎಲ್ಲರಿಗೂ ಕಾಣುತ್ತದೆ. ಆ ಧೈರ್ಯಕ್ಕೆ ಆಧಾರವಾಗಿ, ಬಹಳ ದಿನಗಳ ಹಿಂದೆಯೇ ಕೆಳಗೆ ನೆಲದ ಮೇಲೆ ಕುಳಿತು ಭಾರವನ್ನು ಲೆಕ್ಕಹಾಕಿದವರ, ಬಾಗಿಲನ್ನು ಅಳೆದವರ, ಎಂಜಿನ್ನನ್ನು ಪರೀಕ್ಷಿಸಿದವರ ವಿವೇಕವಿರುತ್ತದೆ. ಸಾಹಸಕ್ಕೆ ಎದೆಗಾರಿಕೆಯು ಎಷ್ಟು ಅವಶ್ಯಕವೋ ಮುಂದಾಲೋಚನೆಯೂ ಅಷ್ಟೇ ಅವಶ್ಯಕ.